ವೈಡ್‌ಮನ್ ಬೇಕೆಂದೇ ಹೊಡೆದರಾ? ಕಬಡ್ಡಿ ಅಂಪೈರ್‌ಗಳು ಓದಬೇಕಾದ ಒಂದು ಐಸ್ ಹಾಕಿ ಪ್ರಕರಣ

2016ರ ಜನವರಿ 27. ಕೆನಡಾದ ಕ್ಯಾಲ್ಗರಿ ನಗರದಲ್ಲಿ ಎನ್‌ಎಚ್‌ಎಲ್, ಅಂದರೆ ಅಮೆರಿಕ-ಕೆನಡಾದ ವೃತ್ತಿಪರ ಲೀಗಿನ ಐಸ್ ಹಾಕಿ ಪಂದ್ಯ. ಊರಿನ ತಂಡ ಕ್ಯಾಲ್ಗರಿ ಫ್ಲೇಮ್ಸ್, ಎದುರಾಳಿ ಅಮೆರಿಕದ ನ್ಯಾಶ್‌ವಿಲ್ ಪ್ರೆಡೇಟರ್ಸ್. ಎರಡನೇ ಅವಧಿಯ ಆಟ ನಡೆಯುತ್ತಿತ್ತು. ಫ್ಲೇಮ್ಸ್‌ನ ಡಿಫೆನ್ಸ್ ಆಟಗಾರ ಡೆನಿಸ್ ವೈಡ್‌ಮನ್ ಅವರಿಗೆ ಅಂಗಳದ ಅಂಚಿನ ಗೋಡೆಯ ಹತ್ತಿರ ನ್ಯಾಶ್‌ವಿಲ್‌ನ ಮೀಕಾ ಸಲೊಮಾಕಿ ಜೋರಾಗಿ ಗುದ್ದಿದರು. ವೈಡ್‌ಮನ್ ಬಿದ್ದರು, ಎದ್ದರು, ತಮ್ಮ ತಂಡದ ಬೆಂಚಿನ ಕಡೆ ಜಾರುತ್ತಾ ಹೊರಟರು. ದಾರಿಯಲ್ಲಿ ಲೈನ್ಸ್‌ಮನ್ ಡಾನ್ ಹೆಂಡರ್ಸನ್ ಇದ್ದರು. ಅವರ ಬೆನ್ನು ವೈಡ್‌ಮನ್ ಕಡೆಗಿತ್ತು. ಹತ್ತಿರ ಬಂದಾಗ ವೈಡ್‌ಮನ್ ಎರಡೂ ಕೈಯಲ್ಲಿ ಹಿಡಿದಿದ್ದ ಕೋಲು ಮೇಲೆದ್ದು ಹೆಂಡರ್ಸನ್ ಬೆನ್ನಿನ ಮೇಲ್ಭಾಗಕ್ಕೆ ಬಡಿಯಿತು. ಹೆಂಡರ್ಸನ್ ಮುಂದಕ್ಕೆ ಬಿದ್ದರು.

ಕೋಲು ಮೇಲೆದ್ದಿತು ಎಂದು ಬರೆದೆ, ಎತ್ತಿದರು ಎಂದು ಬರೆಯಲಿಲ್ಲ. ಇಡೀ ಜಗಳ ಇರುವುದೇ ಆ ವ್ಯತ್ಯಾಸದಲ್ಲಿ. ಅದನ್ನು ತೀರ್ಮಾನಿಸಲು ಲೀಗ್ ಒಳಗೆ ಎರಡು ವಿಚಾರಣೆ ನಡೆದವು. ಹೊರಗಿನ ಮಧ್ಯಸ್ಥರೊಬ್ಬರ ಮುಂದೆ ಮೂರನೆಯದು ನಡೆಯಿತು. ಕೊನೆಗೆ ನ್ಯೂಯಾರ್ಕಿನ ಫೆಡರಲ್ ಕೋರ್ಟಿನವರೆಗೂ ಹೋಯಿತು. ಒಟ್ಟು ಹದಿನೈದು ತಿಂಗಳು.

ನಾನು ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಕಬಡ್ಡಿ ಪಂದ್ಯಾಟಗಳಲ್ಲಿ ಅಂಪೈರ್ ಆಗಿ ನಿಲ್ಲುವವನು. ನಮ್ಮಲ್ಲಿ ಐಸ್ ಕಾಣಸಿಗುವುದು ಮೀನಿನ ಪೆಟ್ಟಿಗೆಯಲ್ಲಿ ಮಾತ್ರ. ಆದರೂ ಹೊಸಬರು ಅಂಪೈರಿಂಗ್ ಕಲಿಯಲು ಬಂದಾಗ ನಾನು ಮೊದಲು ಹೇಳುವುದು ಇದೇ ಪ್ರಕರಣ. ಕಾರಣ ಸರಳ. ರೇಡರ್ ಔಟಾಗಿ ಏಳುವಾಗ ಅವನ ಭುಜ ಅಂಪೈರ್‌ನ ಎದೆಗೆ ತಾಗುತ್ತದೆ. ಅರ್ಧ ಜನ "ಬೇಕಂತಲೇ ಮಾಡಿದ್ದು" ಅನ್ನುತ್ತಾರೆ, ಇನ್ನರ್ಧ ಜನ "ಸುಮ್ನೆ ತಾಗಿತು ಮಾಷ್ಟ್ರೇ" ಅನ್ನುತ್ತಾರೆ. ಎರಡೂ ಕಡೆಯವರಿಗೆ ಅವನ ತಲೆಯೊಳಗೆ ಏನಿತ್ತು ಎಂದು ನೋಡಲು ಸಾಧ್ಯವಿಲ್ಲ. ತೀರ್ಪು ಮಾತ್ರ ಯಾರಾದರೂ ಕೊಡಲೇಬೇಕು. ಕ್ಯಾಲ್ಗರಿಯ ಪ್ರಕರಣದಲ್ಲಿ ಈ ಕಷ್ಟವೆಲ್ಲ ಕಾಗದದ ಮೇಲೆ ಬಂದಿದೆ. ನಮ್ಮಲ್ಲಿ ಅದು ರಾತ್ರಿ ಎರಡು ಗಂಟೆಗೆ ಫ್ಲಡ್‌ಲೈಟಿನ ಕೆಳಗೆ ಕೂಗಾಟದಲ್ಲೇ ಮುಗಿಯುತ್ತದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಐಸ್ ಹಾಕಿಯಲ್ಲಿ ಒಂದು ಕಡೆ ಗೋಲ್‌ಕೀಪರ್ ಸೇರಿ ಆರು ಜನ ಆಡುತ್ತಾರೆ. ಅಂಗಳ ಸುಮಾರು 61 ಮೀಟರ್ ಉದ್ದ, 26 ಮೀಟರ್ ಅಗಲ. ಆಟ ನಿಲ್ಲಿಸದೆಯೇ ಬದಲಿ ಆಟಗಾರರು ಒಳಗೆ ಬರುತ್ತಾರೆ, ಆಡುತ್ತಿದ್ದವರು ಬೆಂಚಿಗೆ ಹೋಗುತ್ತಾರೆ. ಇಬ್ಬರು ರೆಫರಿ, ಇಬ್ಬರು ಲೈನ್ಸ್‌ಮನ್ ಆಟಗಾರರ ನಡುವೆಯೇ ಸ್ಕೇಟ್ ಹಾಕಿಕೊಂಡು ಓಡಾಡುತ್ತಿರುತ್ತಾರೆ. ಹಾಗಾಗಿ ಮೈ ತಾಗುವುದು ಅಲ್ಲಿ ದಿನಾ ನಡೆಯುವ ಸಂಗತಿ. ಮುಟ್ಟಿದ ಕೂಡಲೇ ಶಿಕ್ಷೆ ಎಂದು ನಿಯಮ ಮಾಡಿದರೆ ಆಟವೇ ನಡೆಯುವುದಿಲ್ಲ.

ಆದ್ದರಿಂದಲೇ ಎನ್‌ಎಚ್‌ಎಲ್‌ನ 40ನೇ ನಿಯಮ ಮೂರು ದರ್ಜೆ ಮಾಡಿದೆ. ಮೊದಲ ದರ್ಜೆಗೆ ಕನಿಷ್ಠ 20 ಪಂದ್ಯಗಳ ನಿಷೇಧ. ಬೇಕೆಂದೇ ಪಂದ್ಯದ ಅಧಿಕಾರಿಗೆ, ಅಂದರೆ ರೆಫರಿಗೋ ಲೈನ್ಸ್‌ಮನ್‌ಗೋ, ಹೊಡೆದು ಗಾಯ ಮಾಡಿದವರು ಇದರಲ್ಲಿ ಬರುತ್ತಾರೆ. ಗಾಯ ಮಾಡುವ ಉದ್ದೇಶದಿಂದ ಬಲ ಪ್ರಯೋಗಿಸಿದವರೂ ಬರುತ್ತಾರೆ. ಎರಡನೇ ದರ್ಜೆಗೆ ಕನಿಷ್ಠ 10. ಅದು ಬೇಕೆಂದೇ ಬಲ ಹಾಕಿದರೂ ಗಾಯ ಮಾಡುವ ಉದ್ದೇಶ ಇಲ್ಲದವರಿಗೆ. ಮೂರನೆಯದು ಇನ್ನೂ ಸಣ್ಣ ತಪ್ಪುಗಳಿಗೆ, ಕನಿಷ್ಠ 3. ಗಾಯ ಮಾಡುವ ಉದ್ದೇಶ ಅಂದರೆ ಏನು ಎಂದೂ ನಿಯಮದಲ್ಲೇ ಹೇಳಿದ್ದಾರೆ. ಪೆಟ್ಟಾಗಬಹುದು ಎಂದು ಆಟಗಾರನಿಗೆ ಗೊತ್ತಿದ್ದರೆ, ಅಥವಾ ಗೊತ್ತಿರಬೇಕಿದ್ದರೆ, ಅದೇ ಉದ್ದೇಶ.

ಆ "ಗೊತ್ತಿರಬೇಕಿದ್ದರೆ" ಎಂಬಲ್ಲಿ ಪೆನ್ಸಿಲ್ಲಿನಿಂದ ಗೆರೆ ಹಾಕಿಕೊಳ್ಳಿ.

ಮೊದಲ ಎರಡು ತೀರ್ಪು

ಪಂದ್ಯದ ಹೊತ್ತಿಗೆ ವೈಡ್‌ಮನ್ ಅವರಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಆಟ ಮುಂದುವರಿಯಿತು. ನ್ಯಾಶ್‌ವಿಲ್ 2-1ರಿಂದ ಗೆದ್ದಿತು. ಹೆಂಡರ್ಸನ್ ಆಮೇಲೆ ಆಸ್ಪತ್ರೆಗೆ ಹೋದರು. ತಾನು ನೋವಿನಲ್ಲಿದ್ದೆ, ಬೆಂಚಿಗೆ ಹೋಗುವುದಷ್ಟೇ ತಲೆಯಲ್ಲಿತ್ತು, ಕೊನೇ ಗಳಿಗೆಯಲ್ಲಿ ತಲೆ ಎತ್ತಿದಾಗ ಲೈನ್ಸ್‌ಮನ್ ಎದುರಿಗಿದ್ದರು, ತಪ್ಪಿಸಲು ಆಗಲಿಲ್ಲ ಎಂದು ವೈಡ್‌ಮನ್ ಪತ್ರಕರ್ತರಿಗೆ ಹೇಳಿದರು.

ಫೆಬ್ರವರಿ 2ರಂದು ಟೊರಾಂಟೊದಲ್ಲಿ ವಿಚಾರಣೆ ಆಯಿತು. ಲೀಗಿನ ಹಿರಿಯ ಅಧಿಕಾರಿ ಕೋಲಿನ್ ಕ್ಯಾಂಪ್‌ಬೆಲ್ ಮರುದಿನವೇ 20 ಪಂದ್ಯಗಳ ನಿಷೇಧ ಹಾಕಿದರು. ಸಂಬಳದಲ್ಲಿ ಹೋದದ್ದು ಸುಮಾರು 5.64 ಲಕ್ಷ ಡಾಲರ್. ಆಟಗಾರರ ಸಂಘ ಅಪೀಲು ಹಾಕಿತು. ಲೀಗಿನ ಕಮಿಷನರ್ ಗ್ಯಾರಿ ಬೆಟ್‌ಮನ್ ಅದನ್ನು ಕೇಳಿ, ಫೆಬ್ರವರಿ 17ರಂದು ಅದೇ ಶಿಕ್ಷೆಯನ್ನು ಎತ್ತಿಹಿಡಿದರು.

ಬೆಟ್‌ಮನ್ ಅವರ ತರ್ಕ ಗಟ್ಟಿಯಾಗಿಯೇ ಇದೆ. ವೈಡ್‌ಮನ್ ಮನಸ್ಸಿನಲ್ಲಿ ಏನಿತ್ತು ಎಂಬ ಹುಡುಕಾಟ ಅವರಿಗೆ ಬೇಕಾಗಲೇ ಇಲ್ಲ. ಬೆನ್ನು ತಿರುಗಿಸಿ ನಿಂತವರಿಗೆ ಹಿಂದಿನಿಂದ ಎರಡು ಕೈಯ ಕೋಲಿನಿಂದ ಹೊಡೆದರೆ ಗಾಯವಾಗುತ್ತದೆ ಎಂದು ಅನುಭವಿ ಆಟಗಾರನಿಗೆ ಗೊತ್ತಿರಬೇಕು. ಅಲ್ಲಿಗೆ ಮುಗಿಯಿತು. ಉದ್ದೇಶವನ್ನು ಆಟಗಾರನ ತಲೆಯಿಂದ ಹೊರಗೆ ತೆಗೆದು, ಅಂಗಳದ ಮೇಲೆ ಎಲ್ಲರಿಗೂ ಕಾಣುವ ಜಾಗದಲ್ಲಿ ಇಟ್ಟುಬಿಡುತ್ತದೆ ಈ ನಿಯಮ. ತೀರ್ಪು ಕೊಡುವವನಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಆದರೆ ಬೆಟ್‌ಮನ್ ಅಲ್ಲಿಗೆ ನಿಲ್ಲಿಸಲಿಲ್ಲ. ಮೊದಲ ವಿಚಾರಣೆಯ ದಿನ ವೈಡ್‌ಮನ್ ತಂಡದ ಗೆಳೆಯನಿಗೆ ಒಂದು ಮೆಸೇಜ್ ಕಳಿಸಿದ್ದರು. ತಾನು ಇಲ್ಲಿ ಬಂದು ಕೂತಿರುವುದಕ್ಕೆ ಪೆದ್ದ ರೆಫರಿಗಳು ಮತ್ತು ಪೆದ್ದ ಮಾಧ್ಯಮದವರೇ ಕಾರಣ ಎಂಬರ್ಥದ ಮೆಸೇಜು ಅದು. ಅದು ಲೀಗಿನ ಕೈಗೆ ಸಿಕ್ಕಿತು. ವೈಡ್‌ಮನ್ ಕೇಳಿದ ಕ್ಷಮೆ ಮನಸ್ಸಿನಿಂದ ಬಂದದ್ದಲ್ಲ ಎನ್ನಲು ಬೆಟ್‌ಮನ್ ಅದನ್ನು ಎತ್ತಿ ತೋರಿಸಿದರು.

ಇದು ನನಗೆ ಒಪ್ಪಿಗೆಯಿಲ್ಲ. ಆರು ದಿನ ಕಳೆದ ಮೇಲೆ ಸಿಟ್ಟಿನಲ್ಲಿ ಬರೆದ ಸಾಲು, ಆರು ದಿನದ ಹಿಂದೆ ಕೈ ಯಾಕೆ ಎದ್ದಿತು ಎಂದು ಹೇಳುವುದಿಲ್ಲ. ತಾನು ತಪ್ಪು ಮಾಡಿಲ್ಲ ಎಂದು ನಿಜವಾಗಿ ನಂಬಿದವನೂ ಅದೇ ಮೆಸೇಜ್ ಕಳಿಸುತ್ತಾನೆ, ಅಲ್ವಾ? ಪಶ್ಚಾತ್ತಾಪ ಇಲ್ಲ ಎಂಬುದು ಶಿಕ್ಷೆ ಎಷ್ಟು ಎನ್ನುವಾಗ ಲೆಕ್ಕಕ್ಕೆ ಬರಬಹುದು. ತಪ್ಪು ಯಾವ ದರ್ಜೆಯದ್ದು ಎನ್ನುವಾಗ ಬರಬಾರದು. ನಮ್ಮ ಊರಿನಲ್ಲೂ ಇದೇ ಆಗುತ್ತದೆ. ಶನಿವಾರ ಅಂಪೈರ್‌ಗೆ ತಾಗಿದ ಹುಡುಗ ಸೋಮವಾರ ವಾಟ್ಸಾಪ್ ಗುಂಪಿನಲ್ಲಿ ಏನೋ ಬರೆಯುತ್ತಾನೆ. ಸಮಿತಿಯವರು ಆ ಸಂದೇಶವನ್ನು ಹಿಡಿದುಕೊಂಡು ಶನಿವಾರದ ವಿಷಯ ತೀರ್ಮಾನ ಮಾಡುತ್ತಾರೆ.

ತಲೆಗೆ ಬಿದ್ದ ಪೆಟ್ಟು

ಪ್ರಕರಣದ ಅತಿ ತೊಡಕಿನ ಭಾಗ ಇದು. ಪಂದ್ಯದ ನಂತರ ವೈಡ್‌ಮನ್ ಅವರಿಗೆ ಕನ್‌ಕಷನ್ ಆಗಿದೆ ಎಂದು ಪತ್ತೆಯಾಯಿತು. ಅಂದರೆ ಪೆಟ್ಟಿನಿಂದ ಮಿದುಳಿಗೆ ಅಲುಗಾಟ ಆಗಿ, ಸ್ವಲ್ಪ ಹೊತ್ತು ಗೊಂದಲ, ತಲೆಸುತ್ತು, ನಿಧಾನಗತಿಯ ಯೋಚನೆ. ಆಟಗಾರರ ಸಂಘ ಇಬ್ಬರು ತಜ್ಞರನ್ನು ಕರೆಸಿತು. ಅಂಥ ಸ್ಥಿತಿಯಲ್ಲಿ ಎದುರಿಗಿರುವುದನ್ನು ಗುರುತಿಸಿ ಸರಿಯಾಗಿ ಪ್ರತಿಕ್ರಿಯಿಸುವುದು ಕಷ್ಟ ಎಂಬುದು ಅವರ ವಾದ. ಬೆಟ್‌ಮನ್ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ.

ಇಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಸಿಕ್ಕಿಕೊಂಡಿವೆ. ವೈಡ್‌ಮನ್ ಹೆಂಡರ್ಸನ್ ಅವರನ್ನು ನೋಡಿದರಾ ಎಂಬುದು ಒಂದು. ಅದಕ್ಕೆ ಅವರ ಬಾಯಿಂದಲೇ ಉತ್ತರ ಬಂದಿದೆ, ಕೊನೇ ಗಳಿಗೆಯಲ್ಲಿ ನೋಡಿದೆ ಎಂದು. ನೋಡಿದ ಮೇಲೆ ಕೈ ಮಾಡಿದ್ದು ತಪ್ಪಿಸಿಕೊಳ್ಳುವ ಚಲನೆಯಾ, ತಳ್ಳುವ ಚಲನೆಯಾ ಎಂಬುದು ಇನ್ನೊಂದು. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ಬಸ್ಸಿನಲ್ಲಿ ನಿಂತಿದ್ದೀರಿ, ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ ಎಂದುಕೊಳ್ಳಿ. ನಿಮ್ಮ ಎರಡೂ ಕೈ ಮುಂದಿನವರ ಬೆನ್ನಿಗೆ ಹೋಗುತ್ತದೆ. ನೀವು ಹೊಡೆದಿರಿ ಎಂದು ಯಾರೂ ಅನ್ನುವುದಿಲ್ಲ. ಕೈ ಎದ್ದಿತು ಎಂಬುದೇ ಬೇಕೆಂದು ಮಾಡಿದ್ದಕ್ಕೆ ಸಾಕ್ಷಿ ಆಗುವುದಿಲ್ಲ. ಆದರೆ ಕೈ ತಾಗಿದ ಮೇಲೂ ಮುಂದಕ್ಕೆ ಒತ್ತಿದರೆ? ಆಗ ಮಾತು ಬೇರೆ. ವೈಡ್‌ಮನ್ ವಿಡಿಯೋವನ್ನು ನಿಧಾನಗತಿಯಲ್ಲಿ ನೋಡಿದವರು ಆ ಒತ್ತುವ ಚಲನೆ ಕಾಣುತ್ತದೆ ಎನ್ನುತ್ತಾರೆ. ನನಗೂ ಕಾಣುತ್ತದೆ. ಆದರೆ ನಿಧಾನಗತಿಯ ವಿಡಿಯೋದ ಒಂದು ಗುಣ ಗೊತ್ತಿರಲಿ: ಆಟಗಾರನಿಗೆ ಸಿಗದೇ ಇದ್ದ ಸಮಯವನ್ನು ಅದು ನೋಡುವವರಿಗೆ ಕೊಡುತ್ತದೆ. ಅರ್ಧ ಸೆಕೆಂಡಿನಲ್ಲಿ ಆದದ್ದು ಐದು ಸೆಕೆಂಡು ಆಗುತ್ತದೆ, ಐದು ಸೆಕೆಂಡಿನಲ್ಲಿ ಯಾರಿಗಾದರೂ ಯೋಚಿಸಲು ಪುರುಸೊತ್ತು ಇರುತ್ತದೆ. ಹಾಗಾಗಿ ದೂರ, ದಿಕ್ಕು, ಕೋಲಿನ ಎತ್ತರ ಇವನ್ನು ನಿಧಾನಗತಿಯಲ್ಲಿ ನೋಡಿ. ಹೊತ್ತನ್ನು ಮಾತ್ರ ಮಾಮೂಲಿ ವೇಗದಲ್ಲೇ ನೋಡಿ.

ಸಿಟ್ಟಿಗೆ ಕಾರಣ ಇತ್ತಾ ಎಂದೂ ಕೇಳಬೇಕು. ಸಲೊಮಾಕಿ ಗುದ್ದಿದ್ದಕ್ಕೆ ಫೌಲ್ ಕೊಡಲಿಲ್ಲ ಎಂದು ವೈಡ್‌ಮನ್ ಕೆರಳಿರಬಹುದು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಐಸ್ ಹಾಕಿಯಲ್ಲಿ ಅಂಥ ಮಾಮೂಲಿ ಫೌಲ್ ಕೊಡುವುದು ರೆಫರಿಯ ಕೆಲಸ, ಲೈನ್ಸ್‌ಮನ್‌ನದ್ದಲ್ಲ. ಸಿಟ್ಟು ತೀರಿಸಬೇಕಾಗಿದ್ದರೆ ಹೆಂಡರ್ಸನ್ ತಪ್ಪು ಮನುಷ್ಯ. 1983ರಲ್ಲಿ ಶಿಕಾಗೋದ ಟಾಮ್ ಲೈಸಿಯಾಕ್ ಲೈನ್ಸ್‌ಮನ್ ರಾನ್ ಫಾಯ್ಟ್ ಅವರ ಕಾಲಿಗೆ ಅಡ್ಡ ಹಾಕಿ ಬೀಳಿಸಿದ್ದಕ್ಕೆ 20 ಪಂದ್ಯಗಳ ನಿಷೇಧ ಆಗಿತ್ತು. ಅಲ್ಲಿ ಕಾರಣ ಎಲ್ಲರ ಕಣ್ಣ ಮುಂದಿತ್ತು. ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಬೀಳಿಸಿ ಆಟ ಶುರು ಮಾಡುವ ಜಾಗದಿಂದ ಅವರನ್ನು ಅದೇ ಲೈನ್ಸ್‌ಮನ್ ಹೊರಗೆ ಕಳಿಸಿದ್ದರು. 2017ರಲ್ಲಿ ಅನಾಹೈಮ್‌ನ ಆಂಟ್ವಾನ್ ವರ್ಮೆಟ್ ಕೂಡ ಪಕ್ ಬೀಳಿಸಿದ ಲೈನ್ಸ್‌ಮನ್‌ನ ಕಾಲಿಗೇ ಕೋಲಿನಿಂದ ಹೊಡೆದು 10 ಪಂದ್ಯ ಹೊರಗೆ ಕೂತರು. ಇಬ್ಬರ ವಿಷಯದಲ್ಲೂ ಸಿಟ್ಟು ಯಾರ ಮೇಲಿತ್ತೋ ಪೆಟ್ಟು ಅವರಿಗೇ ಬಿದ್ದಿತ್ತು. ವೈಡ್‌ಮನ್ ವಿಷಯದಲ್ಲಿ ಆ ದಾರ ಸಿಗುವುದಿಲ್ಲ.

ಮಧ್ಯಸ್ಥರ ಹತ್ತು

ಬೆಟ್‌ಮನ್ ಲೀಗಿನ ಮುಖ್ಯಸ್ಥ. ಶಿಕ್ಷೆ ಕೊಟ್ಟದ್ದೂ ಲೀಗ್, ಅಪೀಲು ಕೇಳಿದ್ದೂ ಲೀಗ್. ಅದಕ್ಕೇ ಆಟಗಾರರ ಸಂಘದ ಜೊತೆಗಿನ ಒಪ್ಪಂದದಲ್ಲಿ ಹೊರಗಿನ ಮಧ್ಯಸ್ಥರ ವ್ಯವಸ್ಥೆ ಇತ್ತು. ಆಗ ಆ ಜಾಗದಲ್ಲಿದ್ದವರು ಜೇಮ್ಸ್ ಓಲ್ಡ್‌ಹ್ಯಾಮ್. 2016ರ ಮಾರ್ಚ್ 11ರಂದು ಅವರು ಶಿಕ್ಷೆಯನ್ನು 10 ಪಂದ್ಯಕ್ಕೆ ಇಳಿಸಿದರು. ಎಲ್ಲ ಸಾಕ್ಷ್ಯ ಒಟ್ಟಿಗೆ ನೋಡಿದರೆ ಗಾಯ ಮಾಡುವ ಉದ್ದೇಶ ಕಾಣುವುದಿಲ್ಲ, ಹಾಗಾಗಿ ಇದು ಎರಡನೇ ದರ್ಜೆ ಎಂದರು. ಅಷ್ಟು ಹೊತ್ತಿಗೆ ವೈಡ್‌ಮನ್ 19 ಪಂದ್ಯ ಹೊರಗೆ ಕೂತು ಆಗಿತ್ತು! ಅರ್ಧ ಸಂಬಳ ವಾಪಸ್ ಬಂತು, ಪಂದ್ಯಗಳು ಬರಲಿಲ್ಲ.

ಈ ಹತ್ತು ನ್ಯಾಯವಾಗಿ ಕಾಣುತ್ತದೆ. ಬೇಕೆಂದೇ ಗಾಯ ಮಾಡಲಿಲ್ಲ, ಆದರೆ ಸುಮ್ನೆ ತಾಗಿದ್ದೂ ಅಲ್ಲ ಎಂಬ ಎಲ್ಲರ ಅನಿಸಿಕೆಗೆ ಸರಿಹೊಂದುತ್ತದೆ. ಆದರೆ ನಿಯಮವನ್ನು ಮತ್ತೊಮ್ಮೆ ಓದಿ. ಬೇಕೆಂದೇ ಹೊಡೆದು ಗಾಯವಾದರೆ ಮೊದಲ ದರ್ಜೆ. ಅಲ್ಲಿ ಗಾಯ ಮಾಡುವ ಉದ್ದೇಶ ಬೇಕು ಎಂದು ಹೇಳಿಯೇ ಇಲ್ಲ, ಹೊಡೆದದ್ದು ಬೇಕೆಂದೇ ಆಗಿದ್ದರೆ ಸಾಕು. ಎರಡನೇ ದರ್ಜೆಗೂ ಬೇಕೆಂದೇ ಬಲ ಹಾಕಿರಬೇಕು. ಹೆಂಡರ್ಸನ್ ಅವರಿಗೆ ಗಾಯವಾದದ್ದರಲ್ಲಿ ಅನುಮಾನವೇ ಇಲ್ಲ. ಹಾಗಿದ್ದರೆ ವೈಡ್‌ಮನ್ ಮಾಡಿದ್ದು ಬೇಕೆಂದೇ ಆಗಿದ್ದರೆ 20, ಅಲ್ಲದಿದ್ದರೆ ಸೊನ್ನೆ. ಹತ್ತಕ್ಕೆ ಜಾಗ ಬೇಕಾದರೆ "ಹೊಡೆಯುವುದು" ಬೇರೆ, "ಬಲ ಹಾಕುವುದು" ಬೇರೆ ಎಂದು ವಾದಿಸಬೇಕು. ವಾದಿಸಬಹುದು, ಆದರೆ ಗೆರೆ ತೀರಾ ತೆಳು. ನನ್ನ ಪ್ರಕಾರ ಓಲ್ಡ್‌ಹ್ಯಾಮ್ ಮನುಷ್ಯನ ಬಗ್ಗೆ ಸರಿಯಾಗಿ ಹೇಳಿದರು. ನಿಯಮದ ಅಕ್ಷರಕ್ಕೆ ಬೆಟ್‌ಮನ್ ಜಾಸ್ತಿ ಹತ್ತಿರ ಇದ್ದರು. ತಪ್ಪು ಇರುವುದು ನಿಯಮದಲ್ಲಿ. ಕೈ ಹೇಗೆ ಎದ್ದಿತು, ಮನಸ್ಸಿನಲ್ಲಿ ಏನಿತ್ತು, ಪೆಟ್ಟು ಎಷ್ಟಾಯಿತು ಎಂಬ ಮೂರು ಬೇರೆ ಬೇರೆ ಸಂಗತಿಯನ್ನು ಒಂದೇ ವಾಕ್ಯದಲ್ಲಿ ತುರುಕಿದ್ದಾರೆ.

ಲೀಗ್ ಸುಮ್ಮನಿರಲಿಲ್ಲ. ಜೂನ್‌ನಲ್ಲಿ ಓಲ್ಡ್‌ಹ್ಯಾಮ್ ಅವರನ್ನು ಆ ಹುದ್ದೆಯಿಂದ ತೆಗೆಯಿತು, ತೀರ್ಪು ರದ್ದು ಮಾಡಿ ಎಂದು ನ್ಯೂಯಾರ್ಕಿನಲ್ಲಿ ದಾವೆ ಹೂಡಿತು. ಕಮಿಷನರ್ ತೀರ್ಪಿಗೆ ಸಾಕಷ್ಟು ಆಧಾರ ಇದೆಯಾ ಎಂದಷ್ಟೇ ಮಧ್ಯಸ್ಥರು ನೋಡಬೇಕಿತ್ತು, ತಾವೇ ಹೊಸದಾಗಿ ತೀರ್ಮಾನ ಮಾಡಿ ಅಧಿಕಾರ ಮೀರಿದರು ಎಂಬುದು ಲೀಗಿನ ದೂರು. 2017ರ ಏಪ್ರಿಲ್‌ನಲ್ಲಿ ನ್ಯಾಯಾಧೀಶೆ ಆಲಿಸನ್ ನೇಥನ್ ಲೀಗಿನ ಮನವಿಯನ್ನು ಒಪ್ಪಲಿಲ್ಲ. ಹತ್ತು ಸರಿಯೋ ತಪ್ಪೋ ಎಂಬುದು ಕೋರ್ಟಿನ ವಿಷಯವೇ ಆಗಿರಲಿಲ್ಲ. ಒಪ್ಪಂದವನ್ನು ಓದಿ ತೀರ್ಪು ಕೊಡಲು ಎರಡೂ ಕಡೆಯವರು ಒಬ್ಬರನ್ನು ಆರಿಸಿದ ಮೇಲೆ, ಆ ಓದು ಹಿಡಿಸಲಿಲ್ಲ ಎಂದು ಕೋರ್ಟಿಗೆ ಬಂದರೆ ಕೋರ್ಟು ಕೈ ಹಾಕುವುದಿಲ್ಲ.

ನಮ್ಮ ಅಂಗಳದಲ್ಲಿ

ತ್ರಿಕರಿಪುರದ ಕಡೆಯ ಫುಟ್ಬಾಲ್ ಗೆಳೆಯರಿಗೆ ಈ ಕತೆ ಹೇಳಿದರೆ ಕೂಡಲೇ ರೊನಾಲ್ಡೊ ಹೆಸರು ಬರುತ್ತದೆ. 2017ರ ಆಗಸ್ಟ್‌ನಲ್ಲಿ ಬಾರ್ಸಿಲೋನಾದಲ್ಲಿ ರೆಡ್ ಕಾರ್ಡ್ ಸಿಕ್ಕಿದಾಗ ಅವರು ರೆಫರಿಯ ಬೆನ್ನಿಗೆ ಮೆಲ್ಲಗೆ ಕೈ ಹಾಕಿ ನೂಕಿದ್ದರು. ಒಟ್ಟು 5 ಪಂದ್ಯ ನಿಷೇಧ, ಅದರಲ್ಲಿ 4 ಆ ನೂಕಿದ್ದಕ್ಕೆ. ಅದರ ಬಗ್ಗೆ ನಮ್ಮಲ್ಲಿ ಕಟೌಟ್ ನಿಲ್ಲಿಸುವ ಅಭಿಮಾನಿಗಳಿಗೆ ಇವತ್ತೂ ಬೇಸರ ಇದೆ. ಆದರೆ ನನ್ನ ಮಟ್ಟಿಗೆ ಆ ಪ್ರಕರಣ ಸುಲಭ. ಬಲ ಕಡಿಮೆ, ಗಾಯ ಇಲ್ಲ, ಬೇಕೆಂದೇ ಮಾಡಿದ್ದರಲ್ಲಿ ಅನುಮಾನ ಇಲ್ಲ. ವೈಡ್‌ಮನ್ ಅವರದ್ದು ಪೂರ್ತಿ ಉಲ್ಟಾ. ಬಲ ಜಾಸ್ತಿ, ಗಾಯ ದೊಡ್ಡದು, ಬೇಕೆಂದೇ ಎಂಬುದೊಂದೇ ಅನುಮಾನ. ಜನ ಮಾತ್ರ ಯಾವಾಗಲೂ ಗಾಯ ನೋಡಿ ಉದ್ದೇಶ ಅಳೆಯುತ್ತಾರೆ. ಮೂಳೆ ಮುರಿದರೆ ಬೇಕಂತಲೇ, ಮುರಿಯದಿದ್ದರೆ ಅಕಸ್ಮಾತ್.

ಕಬಡ್ಡಿಯಲ್ಲಿ ಹಸಿರು ಕಾರ್ಡ್ ಎಚ್ಚರಿಕೆಗೆ, ಹಳದಿ ಎರಡು ನಿಮಿಷ ಹೊರಗೆ ಕೂರಿಸಲು, ಕೆಂಪು ಪಂದ್ಯದಿಂದಲೇ ಕಳಿಸಲು. ಆ ಹೊತ್ತಿನ ಕೆಲಸಕ್ಕೆ ಇಷ್ಟು ಸಾಕು. ತಲೆನೋವು ಶುರುವಾಗುವುದು ಮರುದಿನ. ಈ ಹುಡುಗನನ್ನು ಇನ್ನೆಷ್ಟು ಪಂದ್ಯಾಟಕ್ಕೆ ದೂರ ಇಡಬೇಕು ಎಂದು ಸಮಿತಿ ಕೂತಾಗ ಅವರ ಕೈಯಲ್ಲಿರುವುದು ಅಂಪೈರ್ ಬರೆದುಕೊಟ್ಟ ಒಂದು ಹಾಳೆ, ಅದರಲ್ಲಿ "ಉದ್ದೇಶಪೂರ್ವಕವಾಗಿ ಹಲ್ಲೆ ನಡೆಸಿದ" ಎಂಬ ಒಂದು ಸಾಲು. ಅಂಪೈರ್‌ಗೆ ಗೊತ್ತಿರಲು ಸಾಧ್ಯವೇ ಇಲ್ಲದ ಸಂಗತಿ ಅದು. ಗೊತ್ತಿರುವುದನ್ನು ಬರೆದೇ ಇರುವುದಿಲ್ಲ.

ಅದಕ್ಕೆ ನಾನು ಹುಡುಗರಿಗೆ ಹೇಳುವುದು, ಕಂಡದ್ದನ್ನು ಬರೆಯಿರಿ. ಅವನ ಮುಖ ಯಾವ ಕಡೆ ಇತ್ತು. ನಿಮ್ಮಿಬ್ಬರ ನಡುವೆ ಎಷ್ಟು ಹೆಜ್ಜೆ ಇತ್ತು. ಓಡಿ ಬರುತ್ತಿದ್ದನಾ, ನಿಂತಿದ್ದನಾ, ಯಾರಾದರೂ ದೂಡಿದ್ದರಾ. ತಾಗಿದ್ದು ಭುಜವಾ, ಮೊಣಕೈಯಾ, ಬಿಡಿಸಿದ ಅಂಗೈಯಾ. ತಾಗಿದ ಮೇಲೆ ನಿಂತನಾ, ಒತ್ತಿದನಾ. ಆಗ ಅವನು ಆಡಿದ ಮಾತು ಕಿವಿಗೆ ಬಿದ್ದಿದ್ದರೆ ಅದೇ ಮಾತು, ತುಳುವಾದರೆ ತುಳುವಿನಲ್ಲೇ, ಮಲಯಾಳವಾದರೆ ಮಲಯಾಳದಲ್ಲೇ. ಅದಕ್ಕಿಂತ ಸ್ವಲ್ಪ ಮೊದಲು ನೀವು ಅವನ ವಿರುದ್ಧ ಯಾವುದಾದರೂ ತೀರ್ಪು ಕೊಟ್ಟಿದ್ದಿರಾ ಎಂಬುದು ಮುಖ್ಯ. ಲೈಸಿಯಾಕ್ ಮತ್ತು ವೈಡ್‌ಮನ್ ನಡುವಿನ ವ್ಯತ್ಯಾಸ ಆ ಒಂದು ಸಾಲಿನಲ್ಲಿ ಸಿಗುತ್ತದೆ. ಅವನ ತಲೆಗೆ ಪೆಟ್ಟು ಬಿದ್ದಿತ್ತಾ ಎಂಬುದನ್ನೂ ಬರೆಯಬೇಕು, ಇದನ್ನು ನಮ್ಮವರು ಬರೆಯುವುದೇ ಇಲ್ಲ. ಕಬಡ್ಡಿಯಲ್ಲಿ ಡಿಫೆಂಡರ್‌ನ ಮೊಣಕಾಲು ರೇಡರ್‌ನ ಹಣೆಗೆ ಬಡಿಯುವುದು ಅಪರೂಪವೇನಲ್ಲ. ಹಾಗೆ ಬಡಿದವನನ್ನು ಒಮ್ಮೆ ಹೊರಗೆ ಕೂರಿಸಿ ನೋಡುವುದೇ ಸರಿ. ಅವನನ್ನು ಅಂಗಳದಲ್ಲೇ ಬಿಟ್ಟು, ಆಮೇಲೆ ಅವನು ತೂರಾಡಿ ಅಂಪೈರ್‌ಗೆ ಗುದ್ದಿದ ಎಂದು ದೂರುವುದರಲ್ಲಿ ಅರ್ಥ ಇಲ್ಲ.

ಈ ಹಾಳೆಯನ್ನು ಮೊಬೈಲ್ ವಿಡಿಯೋ ನೋಡುವ ಮೊದಲೇ ಬರೆಯಬೇಕು. ನೋಡಿದ ಮೇಲೆ ನಿಮ್ಮ ನೆನಪು ವಿಡಿಯೋದ್ದೇ ಆಗಿಬಿಡುತ್ತದೆ, ಅದನ್ನು ತೆಗೆದವನು ಯಾವ ತಂಡದವನೋ ಯಾರಿಗೆ ಗೊತ್ತು. ವಿಡಿಯೋ ಇದ್ದರೆ ಸಮಿತಿ ಬೇರೆಯಾಗಿ ನೋಡಲಿ.

ಹೆಂಡರ್ಸನ್ ಏನಾದರು ಎಂದು ಹೇಳದೆ ಈ ಪ್ರಕರಣ ಮುಗಿಯುವುದಿಲ್ಲ. ಇಪ್ಪತ್ತಾ ಹತ್ತಾ ಎಂಬ ಜಗಳದಲ್ಲಿ ಎಲ್ಲರೂ ಅವರನ್ನು ಮರೆತಂತಿತ್ತು. ಅವರಿಗೂ ಕನ್‌ಕಷನ್ ಆಗಿತ್ತು, ಕುತ್ತಿಗೆಗೆ ಆಪರೇಷನ್ ಆಯಿತು, ಲೈನ್ಸ್‌ಮನ್ ಆಗಿ ಕೆಲಸಕ್ಕೆ ಮರಳಲು ಆಗಲಿಲ್ಲ. 2017ರ ಏಪ್ರಿಲ್‌ನಲ್ಲಿ, ನ್ಯೂಯಾರ್ಕಿನ ಕೋರ್ಟು ತೀರ್ಪು ಕೊಟ್ಟ ಅದೇ ತಿಂಗಳು, ಅವರು ವೈಡ್‌ಮನ್ ಮತ್ತು ಫ್ಲೇಮ್ಸ್ ತಂಡದ ಮೇಲೆ 1.025 ಕೋಟಿ ಡಾಲರ್ ಪರಿಹಾರ ಕೇಳಿ ದಾವೆ ಹಾಕಿದರು. ಆಟಗಾರನ ನಿಷೇಧ ಎಷ್ಟು ಉದ್ದ ಇದ್ದರೂ ಪೆಟ್ಟು ತಿಂದವರ ಆಸ್ಪತ್ರೆ ಬಿಲ್ಲು ಅದರಿಂದ ಕಟ್ಟಲು ಆಗುವುದಿಲ್ಲ. ಅವರ ಕುತ್ತಿಗೆಗೆ ವೈಡ್‌ಮನ್ ಉದ್ದೇಶ ಏನಿದ್ದರೂ ಒಂದೇ.

ನಮ್ಮ ಕಡೆಯ ಪಂದ್ಯಾಟದ ಕರಪತ್ರಗಳಲ್ಲಿ ಟ್ರೋಫಿ, ನಗದು ಬಹುಮಾನ, ಊಟದ ವ್ಯವಸ್ಥೆ ಎಲ್ಲ ಅಚ್ಚು ಹಾಕಿಸುತ್ತಾರೆ. ಅಂಪೈರ್‌ಗೆ ಪೆಟ್ಟಾದರೆ ಎಕ್ಸ್‌ರೇ ಖರ್ಚು ಯಾರದ್ದು ಎಂದು ಅಚ್ಚಾದ ಒಂದು ಕರಪತ್ರವನ್ನೂ ನಾನು ಕಂಡಿಲ್ಲ. ಮುಂದಿನ ಸೀಸನ್ ಶುರುವಾಗುವ ಮೊದಲು ಸಮಿತಿಯವರ ಮುಂದೆ ಇದನ್ನು ಇಡಬೇಕೆಂದು ನಾವು ಕೆಲವರು ಮಾತಾಡಿಕೊಂಡಿದ್ದೇವೆ. ಎಂಟ್ರಿ ಫೀಸಿನಲ್ಲೇ ಸ್ವಲ್ಪ ತೆಗೆದಿಡಿ ಎಂದು ಕೇಳುವುದು, ಆಟಗಾರ ಬೇಕೆಂದು ಮಾಡಿರಲಿ ಮಾಡದಿರಲಿ, ಆ ದುಡ್ಡು ಮೊದಲು ಕೈಗೆ ಸಿಗಬೇಕು ಎಂಬ ಷರತ್ತಿನ ಜೊತೆಗೆ.